ಹಾಡಲು ಬಾಯಿ ತೆರೆಯುವಷ್ಟರಲ್ಲಿ

ಹೆಸರಾಂತ ಹಾಡುಗಳ ಹಿಂದೆಲ್ಲ ಒಂದು ಕಥೆ ಇರುತ್ತದಂತೆ. ಯಾರದೋ ಪ್ರೇಮ ಮುರಿದಿರುತ್ತದೆ, ಯಾರಿಗೋ ತಲೆ ಕೆಟ್ಟಿರುತ್ತದೆ. ನನ್ನ ಹಾಡಿನ ಹಿಂದೆ ಎರಡೂ ಇವೆ, ಆದರೆ ಯಾವ ಪುಣ್ಯಾತ್ಮನೂ ಈವರೆಗೆ ಕೇಳಿಲ್ಲ. ನಾನೇ ಹೇಳಿಕೊಳ್ಳಬೇಕಾಗಿದೆ.

ದೆಹಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ಜನಕಪುರಿಯ ಮಹಡಿ ಕೋಣೆಯಲ್ಲಿ ನನ್ನ ಜೊತೆಗಿದ್ದ ಮಂಗಳೂರಿನ ಫ್ರಾನ್ಸಿಸ್ ಗಿಟಾರ್ ನುಡಿಸುತ್ತಿದ್ದ. ಅವನಿಗೆ ಪ್ರೋಗ್ರೆಸಿವ್ ರಾಕ್ ಹುಚ್ಚು. ಅಂದರೆ ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಒಂದೇ ಹಾಡು. ನಾವು ತಲೆಯಾಡಿಸತೊಡಗಿದ ಕೂಡಲೇ ತಾಳ ಬದಲಾಗುತ್ತದೆ. ಕೇಳುವವನು ಚಹಾ ಕುಡಿದು ಲೋಟ ತೊಳೆದಿಟ್ಟ ಮೇಲೆ ಹಾಡುಗಾರ ಬಾಯಿ ತೆರೆಯುತ್ತಾನೆ. ಆ ಹುಚ್ಚು ನನಗೂ ಅಂಟಿತು. ಅಂಥದೇ ಒಂದನ್ನು ಕನ್ನಡದಲ್ಲಿ ಕಟ್ಟಿದೆವು. ಮಾತು ಬರುವುದು ಕೊನೆಯಲ್ಲಿ, ನಾಲ್ಕೇ ಸಾಲು. ಆ ಸಾಲುಗಳಲ್ಲಿ, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಶೈಲಜಾಳನ್ನು, "ನನ್ನನ್ನು ಮದುವೆಯಾಗುವೆಯಾ?" ಎಂದು ಕೇಳಿದ್ದೆ. ಎದುರಿಗೆ ನಿಂತು ಕೇಳುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರ ಊರಿನಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಬಡಾವಣೆಯ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಅವಳನ್ನು ಕರೆದೆ. ಬಂದಳು, ಮುಂದಿನ ಸಾಲಿನಲ್ಲೇ ಕೂತಳು. ಫ್ರಾನ್ಸಿಸ್ ಗಿಟಾರ್ ಶುರುಮಾಡಿದ. ನಾನು ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತೆ. ಒಂದಷ್ಟು ಹೊತ್ತು ಸಹಿಸಿದ ಕಾರ್ಯದರ್ಶಿಗಳು ಇನ್ನೊಂದು ಮೈಕು ಹಿಡಿದು, "ಹುಡುಗರು ಶ್ರುತಿ ಕೂಡಿಸ್ಕೊಳ್ತಿದ್ದಾರೆ. ಅಷ್ಟರಲ್ಲಿ ಬಹುಮಾನ ವಿತರಣೆ ಮುಗಿಸಿಬಿಡೋಣ," ಎಂದರು. ಬಹುಮಾನ ಮುಗಿಯುವಷ್ಟರಲ್ಲಿ ಬಿಸಿಬೇಳೆಬಾತ್ ಬಂತು. ಸಭಾಂಗಣದಲ್ಲಿ ಉಳಿದವರು ನಾನು, ಫ್ರಾನ್ಸಿಸ್ ಮತ್ತು ಕುರ್ಚಿಗಳು.

ಬಸ್‌ ಸ್ಟಾಪಿನವರೆಗೆ ಶೈಲಜಾಳ ಜೊತೆ ನಡೆದೆ. "ಹಾಡು ನನ್ನ ಮೇಲೆ ಅಂದಿದ್ರಲ್ಲ, ನಾನು ಬರಲೇ ಇಲ್ಲ?" ಎಂದಳು.

"ಕೊನೇಲಿ ಬರ್ತೀರಿ. ನಾಲ್ಕು ಸಾಲು."

"ಹಾಗಾದ್ರೆ ಈಗಲೇ ಹೇಳಿಬಿಡಿ. ನಾಳೆ ಊರಿಗೆ ಹೊರಟಿದ್ದೀನಿ."

ಹೇಳಿಬಿಡಬಹುದಿತ್ತು. ನಾನು, "ಹಾಗೆ ಬರೀ ಮಾತು ಹೇಳಿದ್ರೆ ಏನೂ ಅನ್ನಿಸಲ್ಲ ರೀ, ಹಿನ್ನೆಲೆ ಬೇಕು," ಎಂದು ಕಣ್ಣು ಮುಚ್ಚಿ, ತೊಡೆ ತಟ್ಟಿಕೊಳ್ಳುತ್ತಾ ಗಿಟಾರಿನ ಮೊದಲ ಸ್ವರದಿಂದ ಗುನುಗತೊಡಗಿದೆ. "ಚಲೋ, ಚಲೋ, ಯೂನಿವರ್ಸಿಟಿ!" ಎಂದು ಕಂಡಕ್ಟರ್ ಕೂಗಿದ್ದು ಕೇಳಿಸಿತು. ತಾಳ ತಪ್ಪೀತೆಂದು ಕಣ್ಣು ತೆರೆಯಲಿಲ್ಲ. ತೆರೆದಾಗ ಬಸ್ಸೂ ಇರಲಿಲ್ಲ, ಅವಳೂ ಇರಲಿಲ್ಲ.

ಊರಿನಲ್ಲೇ ಅವಳಿಗೆ ಮದುವೆ ಗೊತ್ತಾಯಿತು. ಸುದ್ದಿ ತಿಳಿದು ಬದುಕೇ ಬೇಡವೆನಿಸಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ಫ್ರಾನ್ಸಿಸ್ ಪಾಪ, ತಲೆಯ ಬಳಿ ಕೂತು, "ಆ ಶುರುವಿನ ಭಾಗ ಸ್ವಲ್ಪ ಕತ್ತರಿಸುವನಾ ಮಾರಾಯಾ?" ಎಂದ.

ಎದ್ದು ಕೂತೆ. "ಎಲ್ಲಿ ಕತ್ತರಿಸ್ತೀಯ? ಅದರಲ್ಲಿ ಒಂದಾದರೂ ಬೇಡದ ಸ್ವರ ತೋರಿಸು!" ಎಂದು ಕೆಳಗಿನ ಮನೆಯವರು ಬಾಗಿಲು ಬಡಿಯುವಷ್ಟು ಕೂಗಾಡಿದೆ. ಅವಳು ಕೈತಪ್ಪಿದ್ದಕ್ಕೂ ನಾನು ಅಷ್ಟು ಕೂಗಾಡಿರಲಿಲ್ಲ.