ಹೊರಗಿನ ಚಿಲಕ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ವಾಕ್ಯಗಳನ್ನು ನೆಟ್ಟಗೆ ಕಟ್ಟುವ ಚಿಂತೆಯಲ್ಲಿ ಹೇಳಬೇಕಾದ ವಿಷಯವೇ ಕೈಜಾರಿ ಹೋಗುವುದುಂಟು, ಓದುಗರು ಸಹಿಸಿಕೊಳ್ಳಬೇಕು. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಹೆಚ್ಚುಕಡಿಮೆ ನನ್ನಷ್ಟೇ ಕಾಲ, ಅದೂ ಸರಕಾರದ ಖರ್ಚಿನಲ್ಲಿ, ಕಲಿತವರು ನಮ್ಮ ಮನೆಯಲ್ಲಿ ಇನ್ನೊಬ್ಬರಿದ್ದರು! ಊಟ, ವಸತಿ, ಬಟ್ಟೆ ಎಲ್ಲವೂ ಉಚಿತ. ರಜೆಯೊಂದು ಮಾತ್ರ ಇರಲಿಲ್ಲ. ಅವರು ನನ್ನ ಕಾಕಾ, ಅಪ್ಪನ ಸ್ವಂತ ತಮ್ಮ. ಅವರು ಕಲಿತ ಸ್ಥಳ ಜೈಲು.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಹೊಲದ ಬದುವಿನ ಜಗಳದಲ್ಲಿ ಕಾಕಾ ಬಡಿಗೆ ಎತ್ತಿದರು. ಎದುರಿಗಿದ್ದವರು ಬಿದ್ದರು, ಮತ್ತೆ ಏಳಲಿಲ್ಲ. ಕಾಕಾ ಓಡಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಜೀವಾವಧಿ ಶಿಕ್ಷೆಯಾಯಿತು. ನಾನು ಬಿ.ಎ. ಮುಗಿಸಿದ ವರ್ಷ, ಎಂಬತ್ತರ ದಶಕದ ಆರಂಭದಲ್ಲಿ, ಬಿಡುಗಡೆಯಾಗಿ ಯಮನೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದರು. ಅವರು ಹೋದಾಗ ಮಾತೂ ಸರಿಯಾಗಿ ಬಾರದಿದ್ದ ನನ್ನ ತಂಗಿ ಈಗ ಮದುವೆಯ ವಯಸ್ಸಿಗೆ ಬಂದಿದ್ದಳು. ಅವಳನ್ನು ಬಹಳ ಹೊತ್ತು ನೋಡಿದರು. ತನಗಿನ್ನು ಬೇರೇನೂ ಬೇಡ, ಇವಳ ಮದುವೆಯಲ್ಲಿ ನಾಲ್ಕು ಜನರ ನಡುವೆ ನಿಂತು ಅಕ್ಕಿಕಾಳು ಹಾಕುವಂತಾದರೆ ಸಾಕು ಎಂದರು. ಎಷ್ಟು ಸಣ್ಣ ಆಸೆ ಎಂದು ನನಗೆ ಅಂದು ಅನಿಸಿತ್ತು.

ಬಂದ ದಿನವೇ ಅವರ ವಿಚಿತ್ರಗಳು ಆರಂಭವಾದವು. ಹೊತ್ತು ಮುಳುಗುತ್ತಲೇ ಹಿಂದಿನ ಕೋಣೆಗೆ ಹೋಗಿ ಕುಳಿತು, ಹೊರಗಿನಿಂದ ಚಿಲಕ ಹಾಕಿರೆಂದು ಕೇಳಿದರು. ಅವ್ವ ಅಳತೊಡಗಿದಳು.

“ಮನಿ ಮನಷ್ಯಾನ್ನ ದನದಂಗ ಕೂಡಿ ಹಾಕಬೇಕೇನು?”

“ದನಾ ಚಿಲಕ ಇಲ್ಲದನ ಮಲಗತಾವು ವೈನಿ. ನನಗ ನಿದ್ದಿ ಬರೂದಿಲ್ಲ.”

ಅಂದಿನಿಂದ ಆ ಚಿಲಕ ತಂಗಿಯ ಪಾಲಿನ ಕೆಲಸವಾಯಿತು. ಸಂಜೆ ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ, ಆಮೇಲೆ ಕಾಕಾನ ಚಿಲಕ ಹಾಕಿ ಬರುತ್ತಿದ್ದಳು.

ಬೆಳಗಾದರೆ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತುಬಿಡುವರು. ಜೈಲಿನಲ್ಲಿದ್ದಂತೆ ಯಾರಾದರೂ ತಲೆ ಎಣಿಸಿದ ಹೊರತು ಏಳುವಂತಿರಲಿಲ್ಲ! ಇರುವವರು ಒಬ್ಬರೇ, ಎಣಿಸುವುದೇನನ್ನು? ತಂಗಿ ಮಾತ್ರ ದಿನವೂ ಗಂಭೀರವಾಗಿ “ಒಂದು” ಎನ್ನುತ್ತಿದ್ದಳು. ಒಂದೇ ಎಂದು ಮುಗಿಸುವುದು ಅವಳಿಗೆ ಕನಿಕರವೆನಿಸಿರಬೇಕು, ಒಮ್ಮೆ ಬಾಜುವಿನಲ್ಲಿ ಕಟ್ಟಿದ್ದ ಆಡನ್ನೂ ಸೇರಿಸಿ “ಎರಡು” ಎಂದಳು. ಕಾಕಾ ಆಡಿನ ಕಡೆಗೆ ನೋಡಿದರು.

“ಇದಕ್ಕ ಎಷ್ಟ ವರ್ಸ ಶಿಕ್ಷಾ ಆಗೇದವಾ?”

ಬಾಗಿಲುಗಳ ಕಥೆಯಂತೂ ಇನ್ನೂ ದೊಡ್ಡದು. ಮುಚ್ಚಿದ ಬಾಗಿಲನ್ನು ತಾವಾಗಿ ತೆರೆಯುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ನವಲಗುಂದದ ಬಸ್ ನಿಲ್ದಾಣದಲ್ಲಿ ಮುಚ್ಚಿದ ಬಾಗಿಲಿನ ಬಸ್ಸಿನೆದುರು ಕೈಕಟ್ಟಿ ನಿಂತರು. ಬೇರೆಯವರು ಬಾಗಿಲು ತೆಗೆದು ಹತ್ತಿದರು, ಮತ್ತೆ ಎಳೆದು ಮುಚ್ಚಿಕೊಂಡರು. ಇವರು ನಿಂತೇ ಇದ್ದರು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, “ಯಜಮಾನ್ರ, ಬರವರೋ ಇಲ್ಲೋ?” ಎಂದು ಕೇಳಿದ.

“ಅದನ್ನ ನೀವು ಹೇಳಬೇಕ್ರಿ,” ಎಂದರು ಕಾಕಾ.

ಬಸ್ಸು ಹೊರಟುಹೋಯಿತು. ಕಾಕಾ ಊರಿಗೆ ನಡೆದುಕೊಂಡೇ ಬಂದರು. ಬರುವಾಗ, ಅಂದು ತಮ್ಮ ಬಡಿಗೆಗೆ ತೀರಿಕೊಂಡವರ ಮನೆಯಿರುವ ಓಣಿಯನ್ನು ತಪ್ಪಿಸಿ, ಎಂದಿನಂತೆ ಊರನ್ನು ಹೊರಗಿನಿಂದಲೇ ಸುತ್ತಿ ಬಂದರು. ಆ ಒಂದು ವಿಷಯದಲ್ಲಿ ಅವರನ್ನು ನೋಡಿ ನಗುವ ಧೈರ್ಯ ನಮಗಾರಿಗೂ ಆಗಲಿಲ್ಲ.

ನಾನು ಇತಿಹಾಸದ ವಿದ್ಯಾರ್ಥಿ. ಸುಮ್ಮನಿರಬಾರದೇ? ಒಂದು ದಿನ ಕಾಕಾನ ಎದುರು ಕಾರಾಗೃಹದ ಉದ್ದೇಶಗಳನ್ನು ಪರೀಕ್ಷೆಯ ಉತ್ತರದಂತೆ ಒಪ್ಪಿಸಿದೆ: ಅಪರಾಧಿಯನ್ನು ದಂಡಿಸುವುದು, ಇತರರಲ್ಲಿ ಭಯ ಹುಟ್ಟಿಸುವುದು, ಸಮಾಜವನ್ನು ರಕ್ಷಿಸುವುದು, ಅಪರಾಧಿಯನ್ನು ತಿದ್ದುವುದು. ಕಾಕಾ ತಮ್ಮದೇ ಒಂದು ಇತಿಹಾಸ ಹೇಳಿದರು. ಅದರ ಪ್ರಕಾರ ಮೊದಲು ಜೈಲೇ ಇರಲಿಲ್ಲ. ಚಾವಡಿಯಲ್ಲಿ ಕೋಳವೆಂಬ ತೂತು ಕೊರೆದ ಮರದ ದಿಮ್ಮಿಯಿತ್ತು. ಕಳ್ಳನ ಕಾಲನ್ನು ಅದರಲ್ಲಿ ಸಿಕ್ಕಿಸಿ ಕೂರಿಸುವರು. ಹೋಗಿಬರುವವರೆಲ್ಲ ಬೈಯುವರು, ಅವನ ಹೆಂಡತಿ ಬುತ್ತಿ ತರುವಳು, ಅಷ್ಟಕ್ಕೆ ಮುಗಿಯಿತು. ಆಮೇಲೆ ದೇಸಾಯರ ವಾಡೆ ಬಂತು. ಅಲ್ಲಿ ಸಿಟ್ಟಿಗೆ ಗುರಿಯಾದವರನ್ನು ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಇಳಿಸುವರು. ಜೋಳವನ್ನು ಇಳಿಸುವುದು ಕೆಡದಿರಲೆಂದು, ಮನುಷ್ಯನನ್ನು ಇಳಿಸುವುದು ಕೆಡಲೆಂದು. ಕೊನೆಗೆ ಬಿಳಿಯರು ಬಂದು ಗೋಡೆ ಕಟ್ಟಿ, ಗಂಟೆ ತೂಗುಹಾಕಿ, ಮನುಷ್ಯರನ್ನು ಎಣಿಸತೊಡಗಿದರು.

ಇದಕ್ಕೆಲ್ಲ ಆಧಾರವೇನೆಂದು ಕೇಳಿದೆ. ಬ್ಯಾರಕ್ಕಿನಲ್ಲಿ ಬಾಜುವಿಗೆ ಮಲಗುತ್ತಿದ್ದ ಮುದುಕ ಎಂದರು. ನಾನು ಸೋಲದೆ, ತಿದ್ದುವ ಉದ್ದೇಶವನ್ನಾದರೂ ಒಪ್ಪಲೇಬೇಕೆಂದು ಪಟ್ಟು ಹಿಡಿದೆ.

“ಅಲ್ಲಿ ನನಗ ಜಮಖಾನಿ ನೇಯೂದು ಕಲಿಸಿದ್ರು,” ಎಂದರು ಕಾಕಾ ನಿಧಾನವಾಗಿ. “ನಾ ಬಡಿಗಿ ಎತ್ತಿದ್ದು ನೇಯಾಕ ಬರಲಿಲ್ಲಂತಲ್ಲೋ ತಮ್ಮಾ.”

ನನ್ನ ಪದವಿಗೆ ಅಂದು ಸ್ವಲ್ಪ ಜ್ವರ ಬಂತು. ಆಮೇಲೆ ಅವರೇ ನನ್ನನ್ನು ಸಮಾಧಾನಪಡಿಸುವವರಂತೆ, ಶಿಕ್ಷೆ ತಮಗೆ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ, ಆದರೆ ಅದು ಎಲ್ಲಿಗೆ ಮುಗಿಯುತ್ತದೆಂಬುದು ನನ್ನ ಪುಸ್ತಕದಲ್ಲಿದ್ದರೆ ಹೇಳಬೇಕು ಎಂದರು. ಪುಸ್ತಕದಲ್ಲಿ ಅದಿರಲಿಲ್ಲ.

ಶಿಕ್ಷೆ ಇನ್ನೂ ಮುಗಿದಿರಲಿಲ್ಲವೆಂಬುದು ತಂಗಿಗೆ ವರ ಹುಡುಕತೊಡಗಿದಾಗ ತಿಳಿಯಿತು. ಬಂದವರು ಅಂಗಳದಲ್ಲಿ ಕುಕ್ಕರಿಸಿದ ಕಾಕಾನನ್ನು ಕಂಡು ವಿಚಾರಿಸುವರು. ಮುಂದಿನ ವಾರ ಜಾತಕ ಕೂಡಲಿಲ್ಲವೆಂದು ಹೇಳಿಕಳಿಸುವರು. ಜಾತಕವನ್ನೇ ಕೇಳದಿದ್ದವರೂ ಹಾಗೆ ಹೇಳಿಕಳಿಸಿದರು! ಅಪ್ಪ ಕುಗ್ಗಿಹೋದರು. ಅಣ್ಣಿಗೇರಿ ಕಡೆಯ ಒಳ್ಳೆಯ ಮನೆತನವೊಂದು ಹೆಣ್ಣು ನೋಡಲು ಬರುತ್ತದೆಂದಾಗ ಅವರು ಒಂದು ನಿರ್ಧಾರ ಮಾಡಿದರು. ಅಂದು ನಡುಮಧ್ಯಾಹ್ನವೇ ಕಾಕಾನನ್ನು ಹಿಂದಿನ ಕೋಣೆಗೆ ಕಳಿಸಿ, ತಮ್ಮ ಕೈಯಿಂದಲೇ ಹೊರಗಿನ ಚಿಲಕ ಹಾಕಿದರು. ದಿನವೂ ಕಾಕಾ ತಾವಾಗಿ ಬೇಡುತ್ತಿದ್ದ ಚಿಲಕ ಅಂದು ಬೇಡದೆಯೇ ಬಿತ್ತು.

ಬೀಗರಾಗುವವರು ಪಡಸಾಲೆಯಲ್ಲಿ ಕುಳಿತರು. ಮನೆ, ಮಳೆ, ಕಡಲೆಯ ಬೆಳೆ, ಎಲ್ಲ ಮಾತು ಮುಗಿದ ಮೇಲೆ ವರನ ತಂದೆ ಮೆಲ್ಲಗೆ ಕೇಳಿದರು.

“ನಿಮ್ಮ ತಮ್ಮಾರು ಇನ್ನೂ ಜೈಲಿನಾಗ ಅದಾರೇನ್ರಿ?”

“ಹೌದ್ರಿ,” ಎಂದರು ಅಪ್ಪ. “ಇನ್ನೂ ಅಲ್ಲೇ ಅದಾನ.”

ಅಣ್ಣತಮ್ಮಂದಿರ ನಡುವೆ ಇದ್ದದ್ದು ಒಂದು ಗೋಡೆ. ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ತಂಗಿ ಅದನ್ನು ಕೆಳಗಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಕೋಣೆಗೆ ಹೋಗಿ ಚಿಲಕ ತೆಗೆದಳು. ನಾನು ಬೆನ್ನ ಹಿಂದೆಯೇ ಹೋದೆ, ತಡೆಯಲೋ ನೋಡಲೋ ನನಗೇ ತಿಳಿಯದು. ಕಾಕಾ ಒಗೆದ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು, ಗೋಡೆಗೆ ಒರಗದೆ ಕುಳಿತಿದ್ದರು.

“ಹಾಕವಾ, ಹಾಕು,” ಎಂದರು. “ನಿನ್ನ ಅಕ್ಕಿಕಾಳು ಬಿದ್ದ ಮ್ಯಾಲೆ ತೆಗಿಯಂತಿ.”

“ನೀವು ಹಾಕಲಾರದ ಅಕ್ಕಿಕಾಳು ನನಗ ಬ್ಯಾಡ್ರಿ ಕಾಕಾ. ಏಳ್ರಿ.”

ಅವರು ಏಳಲಿಲ್ಲ. ತಂಗಿ ಕೈಹಿಡಿದು ಎಬ್ಬಿಸಿದಳು, ಹಾಗೆಯೇ ನಡೆಸಿಕೊಂಡು ಪಡಸಾಲೆಗೆ ಬಂದಳು. ಕಾಕಾ ನೆಲ ನೋಡುತ್ತ ನಿಂತರು. ಇವರು ನನ್ನ ಕಾಕಾ ಎಂದಷ್ಟೇ ಹೇಳಿ, ತಂಗಿ ಚಹಾ ತರಲು ಒಳಗೆ ಹೋದಳು. ಅವಳು ಮರಳಿ ಬರುವಷ್ಟರಲ್ಲಿ ಬಂದವರು ಚಪ್ಪಲಿ ಮೆಟ್ಟಿ ಆಗಿತ್ತು.

ಅಪ್ಪ ಬೈಯಬಹುದೆಂದು ನಾವೆಲ್ಲ ಕಾದೆವು. ಅವರು ಆರಿದ ಚಹಾದ ಒಂದು ಬಟ್ಟಲನ್ನು ತಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಕುಡಿದರು.

ಮುಂದೆ ಹೆಣ್ಣು ನೋಡಲು ಯಾರೇ ಬರಲಿ, ಅಪ್ಪ ಕಾಕಾನನ್ನು ಕೈಹಿಡಿದು ತಂದು ತಮ್ಮ ಬಾಜುವಿಗೆ ಕೂಡಿಸಿಕೊಂಡು, “ಮೊದಲ ನನ್ನ ತಮ್ಮನ್ನ ನೋಡ್ರಿ. ಆಮ್ಯಾಲೆ ಹುಡುಗಿ,” ಎನ್ನುತ್ತಿದ್ದರು. ಹೆಚ್ಚಿನವರು ಕಾಕಾನನ್ನು ನೋಡಿಯೇ ಹೊರಟುಹೋದರು. ಕಲಘಟಗಿ ಕಡೆಯ, ತಂಬೂರಿನ ಒಂದು ಮನೆಯವರು ಮಾತ್ರ ಕುಳಿತರು. ತಂಗಿಯ ಮದುವೆ ಬಹಳ ತಡವಾಗಿ, ಕಡಿಮೆ ಜನರ ನಡುವೆ ಆಯಿತು. ಕಾಕಾ ನಿಂತು ಅಕ್ಕಿಕಾಳು ಹಾಕಿದರು. ನೆಂಟರಲ್ಲಿ ಅನೇಕರು ನಮ್ಮ ಮನೆಗೆ ಬರುವುದನ್ನು ಬಿಟ್ಟರು, ಮತ್ತೆ ಬರಲೂ ಇಲ್ಲ. ಅಪ್ಪನೂ ಕಾಕಾನೂ ಅಂದಿನಿಂದ ಕೂಡಿಯೇ ಉಣ್ಣತೊಡಗಿದರು.