ಎರ್ಗಶ್ ಅಕಾ ಹಾಡು ಕೇಳಲು ಬಂದದ್ದು

ಹಮ್ರಾಕುಲ್ ಮೇಷ್ಟ್ರ ಆಂಪ್ಲಿಫೈಯರ್ ಭಾನುವಾರ ಬೆಳಗ್ಗೆ ಇದ್ದಕ್ಕಿದ್ದಂತೆ ಗುಂಯ್ ಎನ್ನತೊಡಗಿತು. ಸದ್ದೇನೂ ದೊಡ್ಡದಲ್ಲ, ಆದರೆ ಸಂಜೆ ನಾಲ್ಕಕ್ಕೆ ಎರ್ಗಶ್ ಅಕಾ ಬರುವವರಿದ್ದರು. ಸಮರ್ಕಂದದಲ್ಲಿ ಹಳೇ ಕಾಲದ ಗಾಜಿನ ವಾಲ್ವ್ ಜೋಡಿಸಿ ಹಾಡಿನ ಪೆಟ್ಟಿಗೆ ಕಟ್ಟುವವರೆಲ್ಲ ‘ಅಕಾ’, ಅಂದರೆ ಅಣ್ಣ, ಎಂದು ಎದೆಯ ಮೇಲೆ ಕೈಯಿಟ್ಟು ವಂದಿಸುವ ಹಿರಿಯರು ಅವರು. ಅವರ ಬಾಯಿಂದ ‘ಚೆನ್ನಾಗಿದೆ’ ಅನ್ನಿಸಿಕೊಳ್ಳಬೇಕೆಂದೇ ಮೇಷ್ಟ್ರು ಮೂರು ವರ್ಷ ಹಳೇ ಟಿವಿಗಳ ಹೊಟ್ಟೆ ಬಗೆದು, ಬೆರಳು ಸುಟ್ಟುಕೊಂಡು ಈ ಪೆಟ್ಟಿಗೆ ಕಟ್ಟಿದ್ದರು.

ತಂತಿ ಬಿಚ್ಚಿದರು, ಕಟ್ಟಿದರು. ವಾಲ್ವ್ ಅದಲುಬದಲು ಮಾಡಿದರು. ಗುಂಯ್ ಜಗ್ಗಲಿಲ್ಲ. ಅಷ್ಟರಲ್ಲಿ ಬಿಸಿ ರೊಟ್ಟಿ ಕೊಡುವ ನೆಪದಲ್ಲಿ ಪಕ್ಕದ ಮನೆಯ ಸನೋಬರ್ ಓಪಾ ಒಳಬಂದರು. ಇಡೀ ಓಣಿಗೇ ಅಕ್ಕ ಆಕೆ.

“ಏನಪ್ಪಾ ಹಮ್ರಾ, ಜೇನು ಸಾಕಿದೀಯಾ?”

“ಸುಮ್ನಿರಿ ಓಪಾ, ತಲೆ ಕೆಟ್ಟಿದೆ.”

“ಈ ಎರಡು ಕಬ್ಬಿಣದ ಗಟ್ಟಿ ಒಂದೇ ಕಡೆ ಮುಖ ಮಾಡ್ಕೊಂಡು ಕೂತಿವೆಯಲ್ಲ. ಒಂದನ್ನ ಅಡ್ಡ ತಿರುಗಿಸು, ನೋಡೋಕಾದ್ರೂ ಚೆಂದ.”

ಆಕೆಯ ಬಾಯಿ ಮುಚ್ಚಿಸಲೆಂದೇ ಮೇಷ್ಟ್ರು ಕರೆಂಟ್ ತೆಗೆದು ಆ ಎರಡು ಟ್ರಾನ್ಸ್‌ಫಾರ್ಮರುಗಳಲ್ಲಿ ಒಂದನ್ನು ಅಡ್ಡ ತಿರುಗಿಸಿದರು. ಮತ್ತೆ ಹಚ್ಚಿದರೆ ಗುಂಯ್ ಮಾಯ. ಮೇಷ್ಟ್ರಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ವಾಲ್ವ್ ಕಾದಷ್ಟೂ ದನಿ ಇಂಪು ಎಂದು ಪೆಟ್ಟಿಗೆ ಆರಿಸದೆ, ಮನೆ ನೋಡಿಕೊಳ್ಳಲು ಓಪಾಗೆ ಹೇಳಿ, ಅವರು ಪಲಾವಿನ ಸಾಮಾನಿಗೆ ಬಜಾರಿಗೆ ಹೋದರು. ಹಿಮದಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ನಡೆದರೆ ಕಾಲು ಜಾರಿ ಕ್ಯಾರೆಟ್ಟೆಲ್ಲ ಚರಂಡಿ ಪಾಲಾಯಿತು. ಕುಂಟುತ್ತ ಮನೆ ಮುಟ್ಟುವಾಗ ಬಾಗಿಲಿಗೆ ಎರ್ಗಶ್ ಅಕಾ ಆಗತಾನೇ ಬಂದು ನಿಂತಿದ್ದರು.

ಇಬ್ಬರೂ ಒಳಗೆ ಬಂದು ನೋಡಿದರೆ ಆಂಪ್ಲಿಫೈಯರಿನ ಜಾಲರಿ ಮುಚ್ಚಳದ ಮೇಲೊಂದು ಗಡಿಗೆ. ಗಡಿಗೆಗೆ ಮೇಷ್ಟ್ರದೇ ಇನ್ನೊಂದು ಕೋಟು ಹೊದಿಸಿದೆ.

“ಮುಟ್ಟಬೇಡ, ಹೆಪ್ಪು ಹಾಕಿದೀನಿ,” ಎಂದರು ಓಪಾ. “ಈ ಚಳೀಲಿ ವಾರದಿಂದ ಮೊಸರೇ ಆಗಿಲ್ಲ. ನಿನ್ನ ಪೆಟ್ಟಿಗೆ ಹಿತವಾಗಿ ಬೆಚ್ಚಗಿದೆ.”

“ಅದು ಹಾಡು ಕೇಳೋಕೆ, ಓಪಾ.”

“ಗುಂಯ್ ನಿಲ್ಲಿಸಿದ್ದು ಯಾರು? ಅರ್ಧ ಪೆಟ್ಟಿಗೆ ನಂದು.”

ಮೇಷ್ಟ್ರಿಗೆ ನಾಚಿಕೆಯಿಂದ ಜೀವ ಹೋದಂತಾಯಿತು. ಎರ್ಗಶ್ ಅಕಾ ಕೋಟು ಸರಿಸಿ, ಒಂದು ಚಮಚ ಮೊಸರು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಚೆನ್ನಾಗಿದೆ,” ಎಂದರು. “ಯಾವ ವಾಲ್ವ್ ಹಾಕಿದೀಯ? ನಮ್ಮನೇದರಲ್ಲಿ ಹುಳಿ ಬರುತ್ತೆ.”

“ನಿಮ್ಮನೇಲೂನಾ, ಅಕಾ?”

“ಎರಡು ಚಳಿಗಾಲ ಆಯ್ತಪ್ಪಾ, ನಮ್ಮವಳು ಗಡಿಗೆ ಇಟ್ಟವಳು ಇಳಿಸಿಲ್ಲ. ಇಲ್ಲಾದ್ರೂ ಒಂದು ಹಾಡು ಕೇಳೋಣ ಅಂತ ಆಸೆಯಿಂದ ಬಂದೆ.”

ಮೇಷ್ಟ್ರಿಗೆ ಅಯ್ಯೋ ಅನ್ನಿಸಿತು. ಓಪಾ ಕೂಡ ಮನಸ್ಸು ಕರಗಿ ಗಡಿಗೆ ಇಳಿಸಿದರು. ಮೇಷ್ಟ್ರು ಸಂಭ್ರಮದಿಂದ ಕ್ಯಾಸೆಟ್ಟಿಗೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಓಪಾ ಮಧ್ಯಾಹ್ನವೇ ಫೋನಿನಲ್ಲಿ ಊರಿಗೆಲ್ಲ ಈ ಬೆಚ್ಚನೆ ಪೆಟ್ಟಿಗೆಯ ಸುದ್ದಿ ಹಬ್ಬಿಸಿದ್ದರು. ಗಡಿಗೆ ಹಿಡಿದ ಆರು ಹೆಂಗಸರು ಸಾಲಾಗಿ ನಿಂತಿದ್ದರು, ಎಲ್ಲರಿಗಿಂತ ಮುಂದೆ ಎರ್ಗಶ್ ಅಕಾರ ಹೆಂಡತಿ.

“ಮೊದಲು ನಂದು ಇಡಪ್ಪಾ. ಮನೇಲಿ ಬರೀ ಹುಳಿ ಬರುತ್ತೆ ಅಂತ ಇಲ್ಲಿಗೇ ತಂದೆ.”

ಎರ್ಗಶ್ ಅಕಾರ ಮುಖ ಅರಳಿತು. “ಹಾಗಾದ್ರೆ ನಮ್ಮನೇ ಪೆಟ್ಟಿಗೆ ಈಗ ಖಾಲಿ,” ಎಂದವರೇ ಟೋಪಿ ಸಿಕ್ಕಿಸಿಕೊಂಡು ಓಡಿದರು.

“ಅಕಾ, ತಡೀರಿ, ನಾನೂ ಬರ್ತೀನಿ,” ಎಂದು ಮೇಷ್ಟ್ರು ಎದ್ದರು.

“ನೀನೆಲ್ಲಿಗೆ ಹೊರಟೆ?” ಓಪಾ ತೋಳು ಹಿಡಿದು ಕೂರಿಸಿದರು. “ಕರೆಂಟ್ ಹೋದ್ರೆ ನೋಡೋರು ಯಾರು? ಇನ್ನೂ ಆರು ಗಡಿಗೆ ಇದೆ.”