ಕೊಟ್ಟಿಗೆಯಲ್ಲಿದ್ದ ನಾಲ್ಕು ಕಿಲೋಮೀಟರ್

ನಾಚಿಕೆಯಾದರೆ ಕೆಲವರ ಮುಖ ಕೆಂಪಾಗುತ್ತದಂತೆ. ನನ್ನ ಮೈಬಣ್ಣಕ್ಕೆ ಆ ಸೌಲಭ್ಯವಿಲ್ಲ. ಎಷ್ಟೇ ನಾಚಿಕೆಪಟ್ಟರೂ ಎದುರಿಗಿದ್ದವರು ‘ಇವನಿಗೆ ಏನೂ ಅನ್ನಿಸಿಯೇ ಇಲ್ಲ’ ಎಂದುಕೊಂಡು ಇನ್ನೂ ನಾಲ್ಕು ಮಾತು ಜಾಸ್ತಿ ಆಡುತ್ತಾರೆ. ಆದ್ದರಿಂದ ನನ್ನ ಮಾನ ಹೋದ ಸಂಗತಿಯನ್ನು ನಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿದೆ.

ನನ್ನ ಕೆಲಸ ಏನೆಂಬುದು ಮದುವೆಯಾಗಿ ಹನ್ನೆರಡು ವರ್ಷವಾದರೂ ಹೆಂಡತಿಯ ತವರಿನವರಿಗೆ ಅರ್ಥವಾಗಿಲ್ಲ. ‘ಅಳಿಯಂದ್ರು ಕೇಬಲ್ ಕನೆಕ್ಷನ್ ಕೊಡ್ತಾರೆ’ ಎಂದು ಮಾವನವರು ಮಾಗಡಿಯಲ್ಲೆಲ್ಲ ಸಾರಿದ್ದಾರೆ. ನಿಮಗಾದರೂ ಹೇಳುತ್ತೇನೆ. ಕನಕಪುರದ ಕಾಡಂಚಿನುದ್ದಕ್ಕೂ ನಾವು ಗಾಜಿನ ಎಳೆಯ ಕೇಬಲ್ ಹೂತಿದ್ದೇವೆ. ಸಾತನೂರಿನ ನಮ್ಮ ಕೊಠಡಿಯ ಯಂತ್ರ ಅದರೊಳಕ್ಕೆ ಬೆಳಕು ಬಿಡುತ್ತದೆ. ಮೇಲೆ ಆನೆ ಹೆಜ್ಜೆಯಿಟ್ಟು ನೆಲ ಅದುರಿದರೆ, ಹಿಂದಿರುಗಿ ಬರುವ ಚೂರುಪಾರು ಬೆಳಕಿನಲ್ಲಿ ಏರುಪೇರಾಗಿ, ಎಷ್ಟನೇ ಕಿಲೋಮೀಟರಿನಲ್ಲಿ ಎಂಬುದು ಪರದೆಯ ಮೇಲೆ ಕಾಣುತ್ತದೆ. ಕೂಡಲೇ ಆ ಊರಿನವರ ಮೊಬೈಲಿಗೆ ಎಚ್ಚರಿಕೆ ಹೋಗುತ್ತದೆ. ತೊಂದರೆಯೆಂದರೆ ಬೆಳಕು ದೂರ ಹೋದಂತೆಲ್ಲ ಸೊರಗುತ್ತದೆ. ಮದುವೆಯೂಟದ ಕೊನೇ ಪಂಕ್ತಿಯಲ್ಲಿ ಕೂತು ಪಾಯಸದಲ್ಲಿ ಗೋಡಂಬಿ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಬೆಳಕಿಗೆ ಬಲ ಕೊಡುವ ಉಪಕರಣ ಕೂರಿಸಬಹುದು, ಆದರೆ ಅದು ಬೇಕಾದದ್ದರ ಜೊತೆಗೆ ಬೇಡದ ಗದ್ದಲವನ್ನೂ ಹಿಗ್ಗಿಸುತ್ತದೆ. ನಮ್ಮಜ್ಜನಿಗೆ ಕಿವಿಯ ಮಿಷನ್ ಹಾಕಿಸಿದಾಗ ಅಜ್ಜಿಯ ಮಾತಿಗಿಂತ ಕುಕ್ಕರಿನ ಸೀಟಿಯೇ ಜೋರಾಗಿ ಕೇಳುತ್ತಿತ್ತು. ಅಜ್ಜನೇನೂ ಅದಕ್ಕೆ ಬೇಸರಪಡಲಿಲ್ಲ ಅನ್ನಿ.

ಯಂತ್ರಕ್ಕೆ ಕೇಳಿಸದೆ ಉಳಿದಿದ್ದ ಕೊನೆಯ ನಾಲ್ಕು ಕಿಲೋಮೀಟರನ್ನು ಕೇಳಿಸುವಂತೆ ಮಾಡುವ ಹೊಣೆ ನನ್ನದಾಗಿತ್ತು. ಆದರೆ ಅಲ್ಲಿನ ರೈತರು ರಾಗಿ ಕುಯ್ಲು ಮುಗಿಯುವ ತನಕ ಹೊಲಕ್ಕೆ ಗುದ್ದಲಿ ಮುಟ್ಟಿಸಬೇಡಿ ಎಂದಿದ್ದರು. ಕೇಬಲ್ ಎಳೆಯುವ ಶಿವಣ್ಣ ಏನು ಮಾಡಿಯಾನು? ಉಳಿದ ನಾಲ್ಕು ಕಿಲೋಮೀಟರ್ ಕೇಬಲನ್ನು ಡ್ರಮ್ಮಿನ ಸಮೇತ ಚಿಕ್ಕತಾಯಮ್ಮ ಎಂಬುವರ ದನದ ಕೊಟ್ಟಿಗೆಯಲ್ಲಿಟ್ಟು, ಅದರ ತುದಿಯನ್ನು ಹೂತ ಕೇಬಲಿಗೆ ಬೆಸೆದ. ಅವರ ಮನೆ ಕೇಬಲ್ ನಿಂತ ಜಾಗದಲ್ಲೇ ಇತ್ತು. ಬಾಳೆತೋಟ ಮಾತ್ರ ಅಲ್ಲಿಂದ ಮೂರು ಕಿಲೋಮೀಟರ್ ಆಚೆ, ಕಾಡಿಗೆ ಅಂಟಿಕೊಂಡಿತ್ತು.

“ಇನ್ನೂ ಹೂತಿಲ್ಲ ಸಾರ್, ಕೊಟ್ಟಿಗೇಲೇ ಐತೆ” ಎಂದು ಶಿವಣ್ಣ ಫೋನಿನಲ್ಲಿ ಎಚ್ಚರಿಸಿದ.

“ಹೂತರೇನು, ಸುತ್ತಿಟ್ಟರೇನು ಶಿವಣ್ಣ? ಬೆಳಕಿಗೆ ಉದ್ದ ಒಂದೇ. ಡ್ರಮ್ಮಿಗೆ ಒಂದೇಟು ಕೊಡು, ನೋಡೋಣ.”

ಈ ಮಾತೇನೂ ಸುಳ್ಳಲ್ಲ. ನಮ್ಮ ಕಸುಬಿನಲ್ಲಿ ದೂರವನ್ನು ಮೊದಲು ಸುರುಳಿಯಲ್ಲೇ ಪರೀಕ್ಷಿಸುವುದು ವಾಡಿಕೆ. ಅವನು ಒನಕೆಯಿಂದ ಒಂದೇಟು ಕೊಟ್ಟ. ನನ್ನ ಪರದೆಯಲ್ಲಿ ಕೊನೆಯ ನಾಲ್ಕು ಕಿಲೋಮೀಟರೂ ಒಟ್ಟಿಗೇ ಝಗ್ಗನೆ ಬೆಳಗಿದವು. ನಾನು ಕುರ್ಚಿಯಿಂದ ಎದ್ದು ಕುಣಿದೆ ಎಂದು ಹೇಳಿಕೊಳ್ಳಲೂ ಈಗ ನಾಚಿಕೆ.

ವಾರದೊಳಗೆ ಆ ಊರಿನ ಹಾಲಿನ ಡೈರಿ ಮುಂದೆ ಶಾಮಿಯಾನ ಹಾಕಿ ಸಭೆ ನಡೆಸಿದರು. ನಾನು ಮೈಕು ಹಿಡಿದು, “ಇನ್ನು ಊರಿನ ಗಡಿಯವರೆಗೂ ನಮ್ಮ ಕೇಬಲ್ಲೇ ಕಾಯುತ್ತದೆ, ನೀವು ನೆಮ್ಮದಿಯಾಗಿ ಮಲಗಿ” ಎಂದೆ. ಚಪ್ಪಾಳೆ ಬಿತ್ತು. ಸರದಿಯ ಮೇಲೆ ಅಟ್ಟಣೆ ಹತ್ತಿ ತಮಟೆ ಬಡಿಯುತ್ತಿದ್ದವರು ಕಾವಲು ಬಿಟ್ಟರು. ಡೈರಿಯಿಂದ ಚಿಕ್ಕತಾಯಮ್ಮನ ಕೊಟ್ಟಿಗೆ ಕೂಗಳತೆಯ ದೂರ. ಎಳನೀರು ಕುಡಿದ ನಾನು ಅಲ್ಲಿಗೊಮ್ಮೆ ಹೋಗಿ ಇಣುಕಲಿಲ್ಲ.

ಆಮೇಲೆ ಪ್ರತಿದಿನ ಬೆಳಗ್ಗೆ, ಸಂಜೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊನೆಯ ನಾಲ್ಕು ಕಿಲೋಮೀಟರ್ ಒಟ್ಟಿಗೆ ಅದುರತೊಡಗಿತು. ಆನೆ ನಡಿಗೆಯ ಗುರುತಲ್ಲದ್ದರಿಂದ ಯಾರ ಮೊಬೈಲಿಗೂ ಎಚ್ಚರಿಕೆ ಹೋಗಲಿಲ್ಲ. ‘ಎಷ್ಟು ಚುರುಕು!’ ಎಂದು ಹಿಗ್ಗಿ ಅದರ ಚಿತ್ರ ತೆಗೆದು ಮೇಲಿನವರಿಗೆ ಕಳಿಸಿದೆ. ನಾಲ್ಕು ಕಿಲೋಮೀಟರ್ ಉದ್ದದ ಪ್ರಾಣಿ ಯಾವುದಿರಬಹುದು ಎಂಬ ಪ್ರಶ್ನೆ ಓದಿದ ತಲೆಗೆ ಹೊಳೆಯಲೇ ಇಲ್ಲ.

ಐದನೆಯ ದಿನ ಶಿವಣ್ಣನ ಫೋನು ಬಂತು. “ಸಾರ್, ಚಿಕ್ಕತಾಯಮ್ಮನ ತ್ವಾಟಕ್ಕೆ ಆನೆ ನುಗ್ಬುಟ್ಟವೆ. ಒಂದ್ ಗಿಡನೂ ನಿಂತಿಲ್ಲ.” ಪರದೆ ನೋಡಿದೆ. ಎಚ್ಚರಿಕೆಯಿಲ್ಲ, ಗೆರೆಯಿಲ್ಲ, ತೊಳೆದಿಟ್ಟ ತಟ್ಟೆಯ ಹಾಗಿತ್ತು.

ನಾನು ಹೋದಾಗ ಚಿಕ್ಕತಾಯಮ್ಮ ತೋಟದಿಂದ ಹೊತ್ತು ತಂದ ಬಾಳೆದಿಂಡುಗಳನ್ನು ಕುಡುಗೋಲಿನಿಂದ ಕೊಚ್ಚಿ ಎಮ್ಮೆಗೆ ಹಾಕುತ್ತಿದ್ದರು. ಇನ್ನೆರಡು ವಾರದಲ್ಲಿ ಗೊನೆ ಕಡಿಯಬೇಕಿದ್ದ ಗಿಡಗಳು ಅವು. ಎಮ್ಮೆ ಮೇಯುತ್ತ ಮೇಯುತ್ತ, ನನ್ನ ಕೇಬಲಿನ ಡ್ರಮ್ಮಿಗೆ ಬೆನ್ನು ಕೊಟ್ಟು ಪರಮಸುಖದಿಂದ ಉಜ್ಜಿಕೊಳ್ಳುತ್ತಿತ್ತು. ನನ್ನ ನಾಲ್ಕು ಕಿಲೋಮೀಟರಿನ ಪ್ರಾಣಿ ಅದೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ತಪ್ಪಾಯ್ತಮ್ಮ. ಕೇಬಲ್ ಹೂಳುವವರೆಗೂ ಕಾವಲು ಬಿಡಬೇಡಿ ಅಂತ ನಾನೇ ಮನೆಮನೆಗೂ ಹೋಗಿ ಹೇಳಿ ಬರ್ತೀನಿ” ಎಂದೆ.

ಅವರು ಬೈಯಲಿಲ್ಲ. ಕುಡುಗೋಲು ಕೆಳಗಿಟ್ಟು, “ಅಲ್ಲಾ ಸ್ವಾಮಿ, ಸಾತನೂರಲ್ಲಿ ಕೂತ್ಕಂಡು ನಮ್ಮೆಮ್ಮೆ ಬೆನ್ನು ಕೆರ್ಕಂಡಿದ್ದು ನಿಮ್ಗೆ ಗೊತ್ತಾಯ್ತಿತ್ತಾ?” ಎಂದು ಕೇಳಿದರು.

“ಹೂಂ ಅಮ್ಮ.”

“ಮತ್ತೆ ಅವತ್ತು ಡೈರಿ ಮುಂದೆ ನಾನು ಎದುರ್ಗೇ ನಿಂತ್ಕಂಡು, ‘ಕೇಬಲ್ಲು ನಮ್ ಕೊಟ್ಟಿಗೇಲೇ ಐತಲ್ಲ ಸ್ವಾಮಿ, ತ್ವಾಟಕ್ಕೆ ಕಾವ್ಲು ಬ್ಯಾಡ್ವಾ?’ ಅಂದ್ನಲ್ಲ, ಅದು ಕೇಳುಸ್ಲಿಲ್ವಾ?”

ಇಲ್ಲ ಎಂದಿದ್ದರೆ ಆ ತಾಯಿ ನಂಬುತ್ತಿದ್ದರು. ಅವತ್ತು ಚಪ್ಪಾಳೆಯ ಗದ್ದಲವಿತ್ತು, ಮೈಕು ಬೇರೆ ಕುಯ್ಯೆನ್ನುತ್ತಿತ್ತು. ಆದರೆ ನಿಜವಾಗಿ ನನಗೆ ಕೇಳಿಸಿತ್ತು. ಒಂದಕ್ಷರವೂ ಬಿಡದಂತೆ ಕೇಳಿಸಿತ್ತು. ಆಗ ಯಾರೋ ಹಾರ ಹಾಕಲು ಬಂದರು, ನಾನು ಕತ್ತು ಬಗ್ಗಿಸಿದೆ.